ಕರಾವಳಿಯ ಕ್ರಿಯೇಟರ್‌ಗಳಿಗೆ ಒಂದು ಆ್ಯಪ್: ಜಾಹೀರಾತೋ, ಚಂದಾವೋ, ಹರಕೆಯೋ?

ಮಂಗಳೂರು, ಉಡುಪಿ ಕಡೆ ವಿಡಿಯೋ ಮಾಡುವವರಿಗೆ ಬರವಿಲ್ಲ. ಮಲ್ಪೆಯಿಂದ ಬೋಟ್ ಹತ್ತಿ ಮೀನು ಹಿಡಿಯುವುದನ್ನು ತೋರಿಸುವವರಿದ್ದಾರೆ. ತುಳುವಿನಲ್ಲಿ ಕಾಮಿಡಿ ಮಾಡುವವರಿದ್ದಾರೆ. ಪತ್ರೊಡೆ, ಕೋರಿರೊಟ್ಟಿ ಮಾಡಿ ತೋರಿಸುವ ಅಮ್ಮಂದಿರಿದ್ದಾರೆ. ತಾಳಮದ್ದಳೆ ರೆಕಾರ್ಡ್ ಮಾಡಿ ಹಾಕುವವರು, ಕೊಂಕಣಿ, ಬ್ಯಾರಿ ಭಾಷೆಯಲ್ಲಿ ಮಾತಾಡುವವರು ಎಲ್ಲರೂ ಇದ್ದಾರೆ. ನೋಡುವವರೂ ಇದ್ದಾರೆ. ಆದರೆ ಇಷ್ಟು ಕೆಲಸ ಮಾಡಿದವರ ಕೈಗೆ ಬರುವ ದುಡ್ಡು ತೀರಾ ಕಡಿಮೆ.

ಇವರಿಗಾಗಿಯೇ ಒಂದು ಸೋಶಿಯಲ್ ಮೀಡಿಯಾ ಆ್ಯಪ್ ಮಾಡಬೇಕು ಎನ್ನುವ ಯೋಚನೆ ಸುರತ್ಕಲ್, ಮಣಿಪಾಲದ ಹುಡುಗರಿಗೆ ಬರುವುದು ಸಹಜ. ಆ್ಯಪ್ ಕಟ್ಟುವ ಕೈಗಳೂ ಇಲ್ಲೇ ಇವೆ. ಉಡುಪಿಯ ರೋಬೋಸಾಫ್ಟ್ 1996ರಲ್ಲೇ ಶುರುವಾದ ಕಂಪನಿ. ಹಾಗಾಗಿ ಕೋಡ್ ಬರೆಯುವುದು ದೊಡ್ಡ ಪ್ರಶ್ನೆ ಅಲ್ಲ. ಹಣ ಯಾರ ಜೇಬಿನಿಂದ ಹೊರಟು, ಎಲ್ಲೆಲ್ಲಿ ನಿಂತು, ಎಷ್ಟು ಕಡಿಮೆಯಾಗಿ ಕ್ರಿಯೇಟರ್ ಕೈ ಸೇರುತ್ತದೆ ಎನ್ನುವುದೇ ನಿಜವಾದ ಪ್ರಶ್ನೆ. ಮೊದಲ ಸ್ಕ್ರೀನ್ ಬಿಡಿಸುವ ಮೊದಲೇ ಇದನ್ನು ತೀರ್ಮಾನ ಮಾಡಬೇಕು. ನಂತರ ಬದಲಾಯಿಸುವುದು ತುಂಬ ಕಷ್ಟ. ಮುಂದೆ ಇರುವ ದಾರಿಗಳನ್ನು ಒಂದೊಂದಾಗಿ ನೋಡೋಣ.

ಜಾಹೀರಾತಿನ ಪಾಲು

ಎಲ್ಲರಿಗೂ ಮೊದಲು ಹೊಳೆಯುವುದು ಇದೇ, ಯಾಕೆಂದರೆ ಯೂಟ್ಯೂಬ್ ಹೀಗೆಯೇ ನಡೆಯುತ್ತದೆ. ಅಲ್ಲಿ ಪೂರ್ತಿ ಜಾಹೀರಾತು ಪಾಲು ಸಿಗಬೇಕಾದರೆ 1,000 ಸಬ್‌ಸ್ಕ್ರೈಬರ್ ಬೇಕು, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆಯ ವೀಕ್ಷಣೆ ಅಥವಾ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ ವ್ಯೂಸ್ ಬೇಕು. ಉದ್ದ ವಿಡಿಯೋಗಳಲ್ಲಿ ಶೇ. 55 ಕ್ರಿಯೇಟರ್‌ಗೆ. ಶಾರ್ಟ್ಸ್‌ನಲ್ಲಿ ಜಾಹೀರಾತಿನ ಹಣ ಒಟ್ಟಿಗೆ ಸೇರಿ, ಹಂಚಿಕೆಯಾಗಿ ಬಂದ ಪಾಲಿನಲ್ಲಿ ಶೇ. 45.

ಪಾಲು ಚೆನ್ನಾಗಿಯೇ ಇದೆ. ಸಮಸ್ಯೆ ಇರುವುದು ನಮ್ಮ ಸಂಖ್ಯೆಯಲ್ಲಿ. 2011ರ ಜನಗಣತಿಯ ಪ್ರಕಾರ ತುಳು ಮಾತೃಭಾಷೆಯವರು ಸುಮಾರು 18 ಲಕ್ಷ. ಅವರಲ್ಲಿ ಒಂದು ವಿಡಿಯೋ ನೋಡುವವರು ಎಷ್ಟು, ಅವರಿಗೆ ತೋರಿಸಲು ತುಳುವಿನಲ್ಲಿ ಜಾಹೀರಾತು ಕೊಡುವವರು ಎಷ್ಟು?

ಒಂದು ಲೆಕ್ಕ ಹಾಕೋಣ. ಇವು ಅಂದಾಜಿಗೆ ಇಟ್ಟುಕೊಂಡ ಅಂಕಿಗಳು. ತುಳು ಅಡುಗೆ ಚಾನೆಲ್ ಒಂದಕ್ಕೆ ತಿಂಗಳಿಗೆ 60,000 ವ್ಯೂಸ್. ಸಾವಿರ ವ್ಯೂಸ್‌ಗೆ 40 ರೂಪಾಯಿ ಜಾಹೀರಾತು ಬಂತು ಎಂದುಕೊಳ್ಳಿ. ಒಟ್ಟು 2,400. ಶೇ. 55 ಎಂದರೆ 1,320 ರೂಪಾಯಿ. ಇಷ್ಟನ್ನು ಕೊಡುವುದು ದೊಡ್ಡ ದೊಡ್ಡ ಜಾಹೀರಾತುದಾರರು ಸಾಲಾಗಿ ನಿಂತಿರುವ ಕಂಪನಿ. ಹೊಸ ಆ್ಯಪ್‌ಗೆ ಅಂಥ ಸಾಲೇ ಇರುವುದಿಲ್ಲ. ಹಂಪನಕಟ್ಟೆಯ ಅಂಗಡಿ ಅಂಗಡಿಗೆ ಹೋಗಿ ಜಾಹೀರಾತು ಕೇಳಲು ನೀವೇ ಜನ ಇಡಬೇಕು, ಅವರಿಗೆ ಸಂಬಳ ಕೊಡಬೇಕು.

ಇನ್ನೊಂದು ತೊಂದರೆ ಹಣ ಕೈಗೆ ಬರುವ ಹೊತ್ತಿನದ್ದು. ಯೂಟ್ಯೂಬ್ ಹಣ ಕೈಗೆ ಬರುವುದು ಗೂಗಲ್‌ನ ಆ್ಯಡ್‌ಸೆನ್ಸ್ ಖಾತೆಯಿಂದ, ಅದರಲ್ಲಿ 100 ಡಾಲರ್ ಆಗುವವರೆಗೆ ಪೇಮೆಂಟ್ ಬರುವುದಿಲ್ಲ. ತಿಂಗಳಿಗೆ 1,320 ರೂಪಾಯಿ ದುಡಿಯುವವರಿಗೆ ಆರು ತಿಂಗಳಿಗೂ ಜಾಸ್ತಿ ಕಾಯುವ ಕೆಲಸ. ಅಷ್ಟರಲ್ಲಿ ಎಷ್ಟೋ ಜನ ಕ್ಯಾಮೆರಾ ಮಡಚಿ ಇಡುತ್ತಾರೆ.

ಹೊಸ ಆ್ಯಪ್‌ಗೆ ಜಾಹೀರಾತು ಬೇಡ ಎಂದೇ ನನ್ನ ಅಭಿಪ್ರಾಯ. ದುಡ್ಡು ಕಡಿಮೆ ಎನ್ನುವುದಷ್ಟೇ ಕಾರಣ ಅಲ್ಲ. ಜಾಹೀರಾತಿನಿಂದ ಬದುಕುವ ಆ್ಯಪ್ ಜನರನ್ನು ಆದಷ್ಟು ಹೊತ್ತು ಕೂರಿಸಲೇಬೇಕು. ಆಗ ಫೀಡ್ ಕೂಡ ಅದಕ್ಕೆ ತಕ್ಕ ಹಾಗೆ ತಯಾರಾಗುತ್ತದೆ. ಜಗಳದ ವಿಡಿಯೋ ಮೇಲೆ ಬರುತ್ತದೆ, ಎರಡು ಗಂಟೆಯ ತಾಳಮದ್ದಳೆ ಕೆಳಗೆ ಹೋಗುತ್ತದೆ.

ತಿಂಗಳ ಚಂದಾ

ಇನ್ನು ಅದೇ ಅಡುಗೆ ಚಾನೆಲ್‌ಗೆ 80 ಜನ ತಿಂಗಳಿಗೆ 59 ರೂಪಾಯಿ ಕೊಟ್ಟರು ಎಂದುಕೊಳ್ಳಿ. ಒಟ್ಟು 4,720. ಆ್ಯಪ್ ತನ್ನ ಹೆಸರಲ್ಲೇ ಚಂದಾ ಮಾರಿದರೆ ಶೇ. 18 ಜಿಎಸ್‌ಟಿ ಇದರೊಳಗೇ ಸೇರಿರುತ್ತದೆ. ಅದು 720. ಉಳಿದದ್ದು 4,000. ಆ್ಯಪ್ ಶೇ. 10 ತೆಗೆದುಕೊಂಡರೆ 400 ಹೋಯಿತು. ಆನ್‌ಲೈನ್ ಹಣ ದಾಟಿಸುವ ಪೇಮೆಂಟ್ ಗೇಟ್‌ವೇಗೆ ಶೇ. 2 ಮತ್ತು ಅದರ ತೆರಿಗೆ ಎಂದು ಸುಮಾರು 110. ಕ್ರಿಯೇಟರ್ ಕೈಗೆ 3,500ರ ಹತ್ತಿರ ಬರುತ್ತದೆ. 60,000 ವ್ಯೂಸ್‌ಗಿಂತ 80 ಮಂದಿಯ ಪ್ರೀತಿ ಎರಡೂವರೆ ಪಟ್ಟು ಜಾಸ್ತಿ ತಂದಿತು, ಅಲ್ವಾ?

ಕ್ರಿಯೇಟರ್ ಮಾರುವವರು, ಆ್ಯಪ್ ಬರೀ ಮಧ್ಯವರ್ತಿ ಎಂದು ಒಪ್ಪಂದ ಮಾಡಿಕೊಂಡರೆ ಆ್ಯಪ್ ಜಿಎಸ್‌ಟಿ ಹಾಕಬೇಕಾದದ್ದು ತನ್ನ ಕಮಿಷನ್‌ಗೆ ಮಾತ್ರ. ಸೇವೆಗಳಲ್ಲಿ ವರ್ಷದ ವ್ಯವಹಾರ 20 ಲಕ್ಷ ದಾಟದ ಸಣ್ಣ ಕ್ರಿಯೇಟರ್‌ಗಳಿಗೆ ಇದರಿಂದ ಅನುಕೂಲ. ಆದರೆ ಮಧ್ಯವರ್ತಿಗೂ ತೆರಿಗೆ ಹಿಡಿದುಕೊಳ್ಳುವ, ಲೆಕ್ಕ ಸಲ್ಲಿಸುವ ಜವಾಬ್ದಾರಿಗಳಿವೆ. ಇದನ್ನು ಇಂಜಿನಿಯರ್ ತೀರ್ಮಾನ ಮಾಡಬಾರದು. ಡಿಸೈನ್ ಶುರುವಾಗುವ ಮೊದಲೇ ಒಬ್ಬ ಸಿಎ ಹತ್ತಿರ ಕೂತು ಮಾತಾಡಿ.

ತಿಂಗಳ ಹಣ ತಾನಾಗಿ ಕಟ್ ಆಗಲು ಯುಪಿಐ ಆಟೋಪೇ 2020ರಿಂದ ಇದೆ. ಹಣ ಹೋಗುವ 24 ಗಂಟೆ ಮೊದಲು ಗ್ರಾಹಕರಿಗೆ ಸೂಚನೆ ಹೋಗಬೇಕು ಎನ್ನುವುದು ನಿಯಮ. ಪ್ರತಿ ತಿಂಗಳೂ ಆ ಸೂಚನೆ ನೋಡಿ ಕೆಲವರು ಚಂದಾ ನಿಲ್ಲಿಸುತ್ತಾರೆ. ಇದಕ್ಕೆ ಹೆದರಿ ರದ್ದು ಮಾಡುವ ಬಟನ್ ಅಡಗಿಸುವ ಆ್ಯಪ್‌ಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಬದಲಿಗೆ ಸೂಚನೆ ಹೋಗುವ ಹಿಂದಿನ ದಿನ, ಆ ತಿಂಗಳು ಕ್ರಿಯೇಟರ್ ಏನೇನು ಹಾಕಿದ್ದಾರೆ ಎನ್ನುವ ಪಟ್ಟಿ ಕಳಿಸಿ. ಕೊಟ್ಟ ಹಣಕ್ಕೆ ಏನು ಸಿಕ್ಕಿತು ಎಂದು ಅವರಿಗೇ ಕಾಣುತ್ತದೆ.

ಚಂದಾ ವಿಚಾರದಲ್ಲಿ ಹೊರಗಿನ ಆ್ಯಪ್‌ಗಳು ಗಮನಿಸದ ಒಂದು ಸಂಗತಿ ನಮ್ಮಲ್ಲಿದೆ. ಇಲ್ಲಿ ಕೆಲಸಕ್ಕೆ ಸೀಸನ್ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್‌ಗಳು ಕಡಲಿಗೆ ಇಳಿಯುವ ಹಾಗಿಲ್ಲ. ಯಕ್ಷಗಾನ ಮೇಳಗಳ ತಿರುಗಾಟ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಮುಗಿದರೆ ಮತ್ತೆ ಗೆಜ್ಜೆ ಕಟ್ಟುವುದು ಮಳೆಗಾಲ ಕಳೆದ ಮೇಲೆ, ನವೆಂಬರ್ ಹೊತ್ತಿಗೆ. ಮೀನುಗಾರಿಕೆ ತೋರಿಸುವವರು ಜೂನ್‌ನಲ್ಲಿ ಏನು ಹಾಕಬೇಕು? ಹಳೆಯದನ್ನೇ ಮತ್ತೆ ಹಾಕಿದರೆ ಜನ ಬಿಟ್ಟು ಹೋಗುತ್ತಾರೆ. ಅದಕ್ಕೆ ‘ಮಳೆಗಾಲದ ವಿರಾಮ’ ಎಂಬ ಒಂದು ಆಯ್ಕೆ ಇಡಿ. ಕ್ರಿಯೇಟರ್ ಅದನ್ನು ಒತ್ತಿದರೆ ಚಂದಾ ಕಟ್ ಆಗಬಾರದು, ಚಂದಾದಾರರ ಪಟ್ಟಿಯೂ ಹಾಗೇ ಉಳಿಯಬೇಕು. ಆಗಸ್ಟ್‌ನಲ್ಲಿ ಬೋಟ್ ಹೊರಟಾಗ ಚಂದಾ ಮತ್ತೆ ಶುರುವಾಗಬೇಕು. ಬೇರೆ ಏನೂ ಮಾಡಲು ಸಮಯ ಇಲ್ಲದಿದ್ದರೂ ಇದೊಂದನ್ನು ಮಾಡಿ.

ಟಿಪ್ಸ್ ಮತ್ತು ಉಡುಗೊರೆ

ಫೇಸ್‌ಬುಕ್‌ನಲ್ಲಿ ನೋಡುವವರು ದುಡ್ಡು ಕೊಟ್ಟು ಕಳಿಸುವ ಒಂದು ಸ್ಟಾರ್‌ಗೆ ಕ್ರಿಯೇಟರ್‌ಗೆ ಒಂದು ಸೆಂಟ್ ಸಿಗುತ್ತದೆ. ಯೂಟ್ಯೂಬ್ ಲೈವ್‌ನಲ್ಲಿ ದುಡ್ಡು ಕೊಟ್ಟು ಮೆಸೇಜ್ ಹಾಕುವ ಸೂಪರ್‌ಚಾಟ್‌ನಲ್ಲಿ ಶೇ. 70. ಲೈವ್‌ನಲ್ಲಿ ಭಾಗವತರು ಒಂದು ಒಳ್ಳೆಯ ಪದ್ಯ ಹೇಳಿದ ಕ್ಷಣಕ್ಕೆ ಇಂಥ ಬಟನ್ ಚೆನ್ನಾಗಿ ಒಗ್ಗುತ್ತದೆ. ಅದನ್ನೇ ನಂಬಿ ಯಾರೂ ತಿಂಗಳ ಬಾಡಿಗೆ ಕಟ್ಟಲಾಗದು.

ಐಫೋನ್ ಆ್ಯಪ್ ಒಳಗೆ ಡಿಜಿಟಲ್ ಕಂಟೆಂಟ್ ಮಾರಿದರೆ ಸಾಮಾನ್ಯವಾಗಿ ಆ್ಯಪಲ್‌ನ ಪೇಮೆಂಟ್ ದಾರಿ ಬಳಸಿ ಅದಕ್ಕೆ ಪಾಲು ಕೊಡಬೇಕು. ಆ ನಿಯಮದಲ್ಲಿ ಇಲ್ಲಿ ಒಂದು ಉಪಯೋಗದ ಸಡಿಲಿಕೆ ಇದೆ. ಒಬ್ಬರು ಇನ್ನೊಬ್ಬರಿಗೆ ಪೂರ್ತಿ ಸ್ವಇಚ್ಛೆಯಿಂದ ಕೊಟ್ಟ ಉಡುಗೊರೆ ನೂರಕ್ಕೆ ನೂರು ಆ ವ್ಯಕ್ತಿಗೇ ಹೋದರೆ, ಆ್ಯಪಲ್‌ನ ಪೇಮೆಂಟ್ ದಾರಿಯಲ್ಲೇ ಬರಬೇಕೆಂದಿಲ್ಲ. ಆದರೆ ಆ ಉಡುಗೊರೆಗೆ ಬದಲಾಗಿ ಒಂದು ಸಣ್ಣ ಬ್ಯಾಡ್ಜ್ ಅಥವಾ ಹೆಚ್ಚುವರಿ ವಿಡಿಯೋ ಕೊಟ್ಟರೂ ಆ ವಿನಾಯಿತಿ ಹೋಯಿತು. ಹಾಗಾಗಿ ಟಿಪ್ಸ್ ಬಟನ್ ಸರಳವಾಗಿರಲಿ. ನಿಮ್ಮ ಪಾಲು ತೆಗೆಯಬೇಡಿ, ಬದಲಿಗೆ ಏನೂ ಕೊಡಬೇಡಿ.

ಹರಕೆ ಆಟದ ದಾರಿ

ನನಗೆ ಇದರ ಮೇಲೆ ಎಲ್ಲಕ್ಕಿಂತ ಜಾಸ್ತಿ ನಂಬಿಕೆ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಕಲೆಗೆ ದುಡ್ಡು ಹೇಗೆ ಕೊಡಬೇಕು ಎಂದು ಕರಾವಳಿ ಬಹಳ ಹಿಂದೆಯೇ ಎರಡು ರೀತಿಯಲ್ಲಿ ಕಂಡುಕೊಂಡಿದೆ. ಸಾಲಿಗ್ರಾಮ, ಪೆರ್ಡೂರಿನಂಥ ಯಕ್ಷಗಾನ ಮೇಳಗಳು ಡೇರೆ ಕಟ್ಟಿ ಟಿಕೆಟ್ ಮಾರಿದವು. ನೋಡುವವರು ದುಡ್ಡು ಕೊಟ್ಟು ಒಳಗೆ ಹೋಗಬೇಕು. ಇನ್ನೊಂದು ಬಯಲಾಟ. ಕಟೀಲು, ಧರ್ಮಸ್ಥಳ, ಮಂದಾರ್ತಿ ಮೇಳಗಳಲ್ಲಿ ಒಂದು ಮನೆಯವರು ಹರಕೆ ಹೇಳಿಕೊಂಡು ಆಟ, ಅಂದರೆ ಯಕ್ಷಗಾನ, ಆಡಿಸುತ್ತಾರೆ. ಖರ್ಚು ಅವರದ್ದು, ನೋಡಲು ಊರಿಗೆ ಊರೇ ಬರುತ್ತದೆ. ಕಟೀಲು ಮೇಳದ ಆಟಕ್ಕೆ ವರ್ಷಗಟ್ಟಲೆ ಕಾಯುವವರಿದ್ದಾರೆ. ಕೊಡುವವರೇ ಸಾಲಿನಲ್ಲಿ ನಿಂತು ಕಾಯುವ ವ್ಯವಸ್ಥೆ ಅದು.

ಚಂದಾ ಎಂದರೆ ಡೇರೆ ಮೇಳ. ಅದಕ್ಕೆ ಒಂದು ಕೊರತೆ ಇದೆ. ಬಾಗಿಲು ಹಾಕಿದ ಕೂಡಲೇ ಹೊಸಬರು ನೋಡುವುದು ನಿಲ್ಲುತ್ತದೆ. ತುಳು, ಬ್ಯಾರಿ, ಕೊಂಕಣಿಯಂಥ ಸಣ್ಣ ಭಾಷೆಗಳಿಗೆ ಹೀಗೆ ಬಾಗಿಲು ಹಾಕುವುದು ಒಳ್ಳೆಯದಲ್ಲ. ಮಕ್ಕಳು ಆ ಭಾಷೆ ಕೇಳುವುದು ಇಂಥ ವಿಡಿಯೋಗಳಲ್ಲಿ ತಾನೇ?

ಹಾಗಾದರೆ ಬಯಲಾಟದ ಹಾಗೆ ಆ್ಯಪ್ ಮಾಡಿದರೆ ಹೇಗೆ? ಕ್ರಿಯೇಟರ್ ಮುಂದಿನ ಕಂತುಗಳ ಪಟ್ಟಿ ಹಾಕುತ್ತಾರೆ. ಪ್ರತಿ ಕಂತಿನ ಪಕ್ಕ ಅದರ ಖರ್ಚು ಇರುತ್ತದೆ. 1,500 ಇರಬಹುದು, 10,000 ಇರಬಹುದು. ಮುಂಬೈಯಲ್ಲಿ ಹೋಟೆಲ್ ಇಟ್ಟಿರುವ ಊರಿನವರೊಬ್ಬರು ತಂದೆಯ ನೆನಪಿಗೆ ಒಂದು ಕಂತು ತೆಗೆದುಕೊಳ್ಳುತ್ತಾರೆ. ದುಬೈಯ ನಾಲ್ಕು ಗೆಳೆಯರು ಸೇರಿ ಒಂದು ತೆಗೆದುಕೊಳ್ಳುತ್ತಾರೆ. ವಿಡಿಯೋದ ಮೊದಲಿಗೆ ಅವರ ಹೆಸರು ಬರುತ್ತದೆ. ನೋಡಲು ಯಾರಿಗೂ ದುಡ್ಡಿಲ್ಲ. ಬಟನ್ ಮೇಲೆ ‘ಹರಕೆ’ ಎಂದು ಬರೆಯಬೇಕಾಗಿಲ್ಲ. ‘ಈ ಕಂತು ನನ್ನ ಲೆಕ್ಕದಲ್ಲಿ’ ಎಂದರೆ ಯಾವ ಮನೆಯವರೂ ಒತ್ತಬಹುದು.

ಕ್ರಿಯೇಟರ್‌ಗೆ ಇದರಿಂದ ಸಿಗುವ ದೊಡ್ಡ ಲಾಭ ಮುಂಗಡ. ವಿಡಿಯೋ ಮಾಡಿದ ಮೇಲೆ ಹಣ ಬರಬಹುದೋ ಎಂದು ಕಾಯಬೇಕಾಗಿಲ್ಲ. ಆದರೆ ಮುಂಗಡ ತೆಗೆದುಕೊಂಡ ಮೇಲೆ ಕಂತು ಬರದಿದ್ದರೆ? ಅದಕ್ಕೆ ನಿಯಮ ಮೊದಲೇ ಇರಲಿ. ಅರ್ಧ ಶುರುವಿನಲ್ಲಿ, ಅರ್ಧ ಅಪ್‌ಲೋಡ್ ಆದ ಮೇಲೆ. ಹೇಳಿದ ದಿನ ಕಳೆದು ಇಂತಿಷ್ಟು ದಿನದೊಳಗೆ ಬರದಿದ್ದರೆ ಉಳಿದ ಅರ್ಧ ಕೊಟ್ಟವರಿಗೆ ವಾಪಸ್.

ಒಂದು ಎಚ್ಚರ ಬೇಕು. ಮನೆಯವರು ಹಿರಿಯರ ನೆನಪಿಗೆ ಕೊಟ್ಟದ್ದು ಬೇರೆ, ಜ್ಯುವೆಲರಿ ಅಂಗಡಿ ಹೆಸರಿಗಾಗಿ ಕೊಟ್ಟದ್ದು ಬೇರೆ. ಎರಡನೆಯದು ಜಾಹೀರಾತೇ. ಜಾಹೀರಾತು ಗುಣಮಟ್ಟ ನೋಡುವ ಎಎಸ್‌ಸಿಐ 2021ರಲ್ಲಿ ಇದಕ್ಕೆ ಮಾರ್ಗಸೂಚಿ ತಂದಿದೆ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2023ರ ಜನವರಿಯಲ್ಲಿ ಸೂಚನೆ ಕೊಟ್ಟಿದೆ. ನೋಡುವವರಿಗೆ ಸ್ಪಷ್ಟವಾಗಿ ಗೊತ್ತಾಗಬೇಕು. ಅದಕ್ಕೆ ಹಣ ಕೊಡುವ ಪುಟದಲ್ಲೇ ‘ಇದು ವ್ಯಾಪಾರದ ಹೆಸರೇ?’ ಎಂದು ಕೇಳಿ. ಹೌದು ಎಂದರೆ ವಿಡಿಯೋ ಮೇಲೆ ‘ಜಾಹೀರಾತು’ ಎಂಬ ಲೇಬಲ್ ತಾನಾಗಿ ಬರಲಿ. ಕ್ರಿಯೇಟರ್ ಅದನ್ನು ತೆಗೆಯಲು ಆಗಬಾರದು.

ಹಣ ಕೊಡುವವರು ಗಲ್ಫ್‌ನಲ್ಲಿದ್ದರೆ ಯುಪಿಐ ಒಂದೇ ಸಾಲದು. 2023ರ ಜನವರಿಯಲ್ಲಿ ಹತ್ತು ದೇಶಗಳ ಫೋನ್ ನಂಬರ್‌ಗೆ ಅನಿವಾಸಿ ಭಾರತೀಯರ ಎನ್‌ಆರ್‌ಇ, ಎನ್‌ಆರ್‌ಒ ಖಾತೆಯಿಂದ ಯುಪಿಐ ಬಳಸಲು ಅವಕಾಶ ಬಂತು. ಯುಎಇ, ಸೌದಿ, ಕತಾರ್, ಒಮಾನ್ ಆ ಪಟ್ಟಿಯಲ್ಲಿದ್ದವು. ಕುವೈತ್, ಬಹ್ರೈನ್ ಇರಲಿಲ್ಲ. ನಮ್ಮ ಎಷ್ಟೋ ಜನ ಇರುವುದು ಅಲ್ಲೇ. ಆದ್ದರಿಂದ ವಿದೇಶಿ ಕಾರ್ಡ್ ದಾರಿಯನ್ನು ಮೊದಲ ದಿನದಿಂದಲೇ ಇಡಿ.

ಕ್ಲಾಸ್, ಟಿಕೆಟ್, ಸಾಮಾನು

ಚೆಂಡೆ, ಮದ್ದಳೆ, ಭಾಗವತಿಕೆ ಕಲಿಸುವವರಿಗೆ ಇದು ಒಳ್ಳೆಯ ದಾರಿ. ಆ್ಯಪಲ್‌ನಲ್ಲಿ ಒಬ್ಬ ಗುರು ಒಬ್ಬ ಶಿಷ್ಯನಿಗೆ ಲೈವ್ ಆಗಿ ಕಲಿಸಿದರೆ ಹೊರಗಿನ ಪೇಮೆಂಟ್ ಬಳಸಬಹುದು. ಹತ್ತು ಜನರ ಬ್ಯಾಚ್ ಮಾಡಿದರೆ ಆ ಸೌಲಭ್ಯ ಇಲ್ಲ. ಪುರಭವನದಲ್ಲಿ ನಡೆಯುವ ಕಾರ್ಯಕ್ರಮದ ಟಿಕೆಟ್, ಮನೆಯಲ್ಲಿ ಮಾಡಿದ ಹಪ್ಪಳ, ಉಪ್ಪಿನಕಾಯಿ ಇವೆಲ್ಲ ಆ್ಯಪ್ ಹೊರಗಿನ ವಸ್ತುಗಳು. ಆ್ಯಪ್ ಸ್ಟೋರ್‌ನವರ ಕಮಿಷನ್ ಇವಕ್ಕೆ ತಾಗುವುದಿಲ್ಲ. ತಿಂಡಿ ಮಾರುವವರಿಗೆ ಆಹಾರ ಸುರಕ್ಷತೆ ನೋಡುವ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು.

ಸ್ಟೋರ್ ಒಳಗೋ, ವೆಬ್ ಪುಟವೋ

ಆ್ಯಪ್ ಒಳಗೆ ಡಿಜಿಟಲ್ ಕಂಟೆಂಟ್ ಮಾರಿದರೆ ಗೂಗಲ್ ಪ್ಲೇ, ಆ್ಯಪಲ್ ಎರಡಕ್ಕೂ ಪಾಲು ಹೋಗುತ್ತದೆ. ಸಣ್ಣ ಕಂಪನಿಗಳಿಗೆ ಸಾಮಾನ್ಯವಾಗಿ ಶೇ. 15. ಮೇಲಿನ ಲೆಕ್ಕದಲ್ಲಿ 4,000ಕ್ಕೆ 600 ಹೋದರೆ, ನಿಮ್ಮ 400 ಕಳೆದು ಕ್ರಿಯೇಟರ್‌ಗೆ ಉಳಿಯುವುದು 3,000. ಪ್ಲೇ ಸ್ಟೋರ್ ಬಿಲ್ಲಿಂಗ್ ವಿಚಾರದಲ್ಲಿ 2022ರ ಅಕ್ಟೋಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ ಗೂಗಲ್‌ಗೆ 936.44 ಕೋಟಿ ರೂಪಾಯಿ ದಂಡ ಹಾಕಿತ್ತು. ಬೇರೆ ಪೇಮೆಂಟ್ ದಾರಿಗೆ ಗೂಗಲ್ ಇಲ್ಲಿ ಅವಕಾಶ ಕೊಟ್ಟಿದೆ. ಹಾಗೆಂದು ಕಮಿಷನ್ ಪೂರ್ತಿ ತಪ್ಪುವುದಿಲ್ಲ.

ನಾನಾದರೆ ಹಣದ ಕೆಲಸವನ್ನೆಲ್ಲ ವೆಬ್ ಪುಟದಲ್ಲಿ ಇಡುತ್ತೇನೆ. ನಮ್ಮ ಜನ ಹೇಗೂ ಲಿಂಕ್ ಹಂಚುವುದು ವಾಟ್ಸ್‌ಆ್ಯಪ್‌ನಲ್ಲಿ. ಅಲ್ಲಿಂದ ನೇರವಾಗಿ ಕ್ರಿಯೇಟರ್ ಪುಟಕ್ಕೆ ಬಂದು, ಕ್ಯೂಆರ್ ಸ್ಕ್ಯಾನ್ ಮಾಡಿ ಕೊಡುವುದು ಅವರಿಗೆ ಸುಲಭ. ಆ್ಯಪ್ ನೋಡಲು, ಕೇಳಲು ಇರಲಿ.

ಬಂದ ಹಣವನ್ನು ನಿಮ್ಮ ಕಂಪನಿ ಖಾತೆಗೆ ಹಾಕಿಕೊಂಡು ಆಮೇಲೆ ಹಂಚುವ ಯೋಚನೆ ಬೇಡ. ಇತರರ ಪರವಾಗಿ ಹಣ ಸಂಗ್ರಹಿಸಿ ಹಂಚುವವರಿಗೆ ರಿಸರ್ವ್ ಬ್ಯಾಂಕ್ 2020ರ ಮಾರ್ಚ್‌ನಿಂದ ನಿಯಮ ಮಾಡಿದೆ. ಅನುಮತಿ ಇರುವ ಪೇಮೆಂಟ್ ಅಗ್ರಿಗೇಟರ್ ಮೂಲಕ ಹಣ ಅಲ್ಲೇ ಪಾಲಾಗಿ ಕ್ರಿಯೇಟರ್ ಖಾತೆಗೆ ಹೋಗಲಿ. ವಾರಕ್ಕೊಮ್ಮೆ ಹೋದರೆ ಇನ್ನೂ ಒಳ್ಳೆಯದು.

ಒಂದು ವಿಡಿಯೋ, ಹತ್ತು ಕೈ

ಯಕ್ಷಗಾನದ ವಿಡಿಯೋದಲ್ಲಿ ಕ್ರಿಯೇಟರ್ ಯಾರು? ಕ್ಯಾಮೆರಾ ಹಿಡಿದವರೇ? ಭಾಗವತರು, ಮದ್ದಳೆ, ಚೆಂಡೆಯವರು, ವೇಷಧಾರಿಗಳು, ಪ್ರಸಂಗ ಬರೆದವರು? ಭಾರತದ ಹಕ್ಕುಸ್ವಾಮ್ಯ ಕಾನೂನಿನಲ್ಲಿ 1994ರ ತಿದ್ದುಪಡಿಯಿಂದ ಪ್ರದರ್ಶಕರಿಗೂ ಹಕ್ಕಿದೆ. ಆದರೂ ಇವತ್ತು ಹಣ ಹೋಗುವುದು ಚಾನೆಲ್ ಇಟ್ಟವರಿಗೆ ಮಾತ್ರ. ರಾತ್ರಿಯಿಡೀ ಹಾಡಿದವರಿಗೆ ತಮ್ಮ ಹಾಡು ಎಷ್ಟು ಲಕ್ಷ ಜನ ಕೇಳಿದರು ಎನ್ನುವುದು ಮಾತ್ರ ಗೊತ್ತಾಗುತ್ತದೆ. ಇದು ನನ್ನನ್ನು ಬಹಳ ನೋಯಿಸುವ ವಿಷಯ.

ಅಪ್‌ಲೋಡ್ ಮಾಡುವಾಗಲೇ ಪಾಲು ಬರೆಯುವ ಜಾಗ ಕೊಡಿ. ಇವರಿಗೆ ಶೇ. 20, ಅವರಿಗೆ ಶೇ. 15 ಎಂದು ತುಂಬಿದರೆ, ಪ್ರತಿಯೊಬ್ಬರ ಫೋನ್‌ಗೆ ಒಪ್ಪಿಗೆ ಕೇಳುವ ಮೆಸೇಜ್ ಹೋಗಲಿ. ಎಲ್ಲರೂ ಒಪ್ಪಿದ ಮೇಲೆ ಮಾತ್ರ ಆ ವಿಡಿಯೋಗೆ ಹಣ ತೆಗೆದುಕೊಳ್ಳಲು ಸಾಧ್ಯವಾಗಬೇಕು. ಅಗ್ರಿಗೇಟರ್‌ಗಳಲ್ಲಿ ಹಣ ಪಾಲು ಮಾಡುವ ವ್ಯವಸ್ಥೆ ಇರುವುದರಿಂದ ಇದು ಕಷ್ಟದ ಕೆಲಸ ಅಲ್ಲ.

ದೈವದ ಕೋಲದ ವಿಚಾರ ಬೇರೆ. ಎಷ್ಟೋ ಕಡೆ ಮೊಬೈಲ್‌ನಲ್ಲಿ ಚಿತ್ರೀಕರಣ ಮಾಡಬೇಡಿ ಎಂದು ಬೋರ್ಡ್ ಹಾಕುತ್ತಾರೆ. ಅದಕ್ಕೆ ಹಣದ ಬಟನ್ ಬೇಡವೇ ಬೇಡ. ಇದನ್ನು ಆ್ಯಪ್ ನಿಯಮದಲ್ಲಿ ನೇರವಾಗಿ ಬರೆಯಿರಿ.

ವಿಡಿಯೋವೋ, ಆಡಿಯೋವೋ

ಖರ್ಚಿನ ಲೆಕ್ಕದಲ್ಲಿ ಇದೇ ಆ್ಯಪ್‌ನ ಅಳಿವು ಉಳಿವು. ಸೆಕೆಂಡಿಗೆ 1 ಮೆಗಾಬಿಟ್‌ನ ಸಾಧಾರಣ ವಿಡಿಯೋ ಗಂಟೆಗೆ 450 ಎಂಬಿ ಆಗುತ್ತದೆ. ಎಂಟು ಗಂಟೆಯ ಆಟವನ್ನು ಒಬ್ಬರು ಪೂರ್ತಿ ನೋಡಿದರೆ 3.6 ಜಿಬಿ. ಸರ್ವರ್‌ನಿಂದ ಕಳಿಸುವ ಪ್ರತಿ ಜಿಬಿಗೂ ನೀವು ದುಡ್ಡು ಕೊಡಬೇಕು. 64 ಕಿಲೋಬಿಟ್‌ನ ಆಡಿಯೋ ಗಂಟೆಗೆ ಸುಮಾರು 29 ಎಂಬಿ ಅಷ್ಟೇ.

ತಾಳಮದ್ದಳೆಗೆ ವೇಷ ಇಲ್ಲ, ಕುಣಿತ ಇಲ್ಲ. ಮಾತು ಮತ್ತು ಹಿಮ್ಮೇಳವೇ ಎಲ್ಲ. ಅಡಿಕೆ ಸುಲಿಯುವಾಗ, ಬಸ್ಸಿನಲ್ಲಿ ಹೋಗುವಾಗ ಕೇಳುವವರು ಬೇಕಾದಷ್ಟು ಜನ. ತುಳು ಕಥೆ, ಬ್ಯಾರಿ ಹಾಡು, ಕೊಂಕಣಿ ಹರಟೆ ಎಲ್ಲಕ್ಕೂ ಆಡಿಯೋ ಸಾಕು. ಆಡಿಯೋದಿಂದ ಶುರು ಮಾಡಿ, ವಿಡಿಯೋ ಯೂಟ್ಯೂಬ್‌ನಲ್ಲೇ ಇರಲಿ ಎನ್ನುವುದು ನನ್ನ ಸಲಹೆ. ಯೂಟ್ಯೂಬ್ ವಿಡಿಯೋವನ್ನು ನಿಮ್ಮ ಆ್ಯಪ್‌ಗೆ ಜೋಡಿಸಿ ಅದನ್ನು ನೋಡಲು ದುಡ್ಡು ಕೇಳುವ ಹಾಗಿಲ್ಲ, ಅದು ನೆನಪಿರಲಿ.

ಹಾಗಾದರೆ ಯಾರಿಗೆ ಯಾವುದು?

ವಾರ ವಾರ ತಪ್ಪದೆ ಹಾಕುವ ಅಡುಗೆ, ಪಾಠ, ಹರಟೆಯವರಿಗೆ ಚಂದಾ ಸರಿ. ಒಂದೊಂದು ಕಂತಿಗೂ ಖರ್ಚು ಜಾಸ್ತಿ ಇರುವವರಿಗೆ, ಅಂದರೆ ಯಕ್ಷಗಾನ, ಸಾಕ್ಷ್ಯಚಿತ್ರ, ಕಡಲಿನ ವಿಡಿಯೋದವರಿಗೆ ಹರಕೆ ದಾರಿ. ಕಲಿಸುವವರಿಗೆ ಕ್ಲಾಸ್. ಕಾಮಿಡಿ ರೀಲ್ಸ್ ಮಾಡಿ ಲಕ್ಷಗಟ್ಟಲೆ ವ್ಯೂಸ್ ತರುವವರಿಗೆ ಹೊಸ ಆ್ಯಪ್‌ಗಿಂತ ಇನ್‌ಸ್ಟಾಗ್ರಾಂ ಮತ್ತು ಬ್ರ್ಯಾಂಡ್ ಕೆಲಸವೇ ಲಾಭ. ಅವರನ್ನು ಸೆಳೆಯಲು ಹಣ ಸುರಿಯಬೇಡಿ. ಎರಡು ದಾರಿ ಮಾತ್ರ ಕಟ್ಟಲು ಶಕ್ತಿ ಇದ್ದರೆ ಹರಕೆ ಮೊದಲು, ಚಂದಾ ಆಮೇಲೆ. 200 ಕ್ರಿಯೇಟರ್‌ಗಳಿಂದ ತಲಾ 400 ಬಂದರೂ ತಿಂಗಳಿಗೆ ಆ್ಯಪ್‌ಗೆ ಸಿಗುವುದು 80,000. ಇಷ್ಟರಲ್ಲಿ ನಡೆಯುವಷ್ಟು ಸಣ್ಣ ತಂಡ ಇಟ್ಟುಕೊಳ್ಳಿ.

ಆ್ಯಪ್ ಮುಚ್ಚುವ ದಿನದ ಬಗ್ಗೆಯೂ ಈಗಲೇ ಯೋಚಿಸಬೇಕು. ಚಿಕ್ಕ ವಿಡಿಯೋಗಳ ಆ್ಯಪ್ ವೈನ್ 2013ರಲ್ಲಿ ಬಂದು, 2016ರ ಅಕ್ಟೋಬರ್‌ನಲ್ಲಿ ಮುಚ್ಚುವುದಾಗಿ ಹೇಳಿತು. ಟಿಕ್‌ಟಾಕ್ 2020ರ ಜೂನ್ 29ರಂದು ಭಾರತದಲ್ಲಿ ನಿಷೇಧವಾಯಿತು. ಬೆಂಗಳೂರಿನ ಸೋಶಿಯಲ್ ಮೀಡಿಯಾ ಆ್ಯಪ್ ‘ಕೂ’ 2024ರ ಜುಲೈನಲ್ಲಿ ನಿಂತಿತು. ಪ್ರತಿ ಸಲವೂ ಕ್ರಿಯೇಟರ್‌ಗಳು ಸೊನ್ನೆಯಿಂದ ಮತ್ತೆ ಶುರು ಮಾಡಬೇಕಾಯಿತು, ಯಾಕೆಂದರೆ ಅಭಿಮಾನಿಗಳ ಪಟ್ಟಿ ಅವರ ಕೈಯಲ್ಲಿ ಇರಲಿಲ್ಲ. ಚಂದಾದಾರರ ಪಟ್ಟಿಯನ್ನು ಕ್ರಿಯೇಟರ್ ಯಾವಾಗ ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳುವ ಹಾಗಿರಲಿ. ಫೋನ್ ನಂಬರ್ ಹಂಚಲು 2023ರ ಡೇಟಾ ರಕ್ಷಣೆ ಕಾನೂನಿನಂತೆ ಆ ವ್ಯಕ್ತಿಯ ಒಪ್ಪಿಗೆ ಬೇಕು, 18 ವರ್ಷದ ಕೆಳಗಿನವರಾದರೆ ಪೋಷಕರ ಒಪ್ಪಿಗೆ. ಅದನ್ನು ಹಣ ಕಟ್ಟುವ ಪುಟದಲ್ಲೇ, ತುಳು ಮತ್ತು ಕನ್ನಡದಲ್ಲಿ, ಮೊದಲೇ ಟಿಕ್ ಆಗಿರದ ಒಂದು ಬಾಕ್ಸ್ ಇಟ್ಟು ಕೇಳಿ.